ಮೇಣದಬತ್ತಿಗೆ ಕನ್ನಡವೂ ಬರುತ್ತದೆ

ಗೆ,
ನಿರ್ದೇಶಕರು ಮತ್ತು ಕ್ರಿಸ್‌ಮಸ್ ಉಪನ್ಯಾಸಗಳ ತಂಡದವರು,
ರಾಯಲ್ ಇನ್‌ಸ್ಟಿಟ್ಯೂಷನ್,
21, ಆಲ್ಬಮಾರ್ಲ್ ಸ್ಟ್ರೀಟ್, ಲಂಡನ್.

ಪ್ರತಿ: ಬಿಬಿಸಿಯಲ್ಲಿ ವಿಜ್ಞಾನ ಕಾರ್ಯಕ್ರಮಗಳನ್ನು ನೋಡಿಕೊಳ್ಳುವವರಿಗೆ.

ವಿಷಯ: ನಿಮ್ಮ ಉಪನ್ಯಾಸಗಳನ್ನು ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಹೇಳಲು ಅನುಮತಿ ಕೋರಿ.

ಮಾನ್ಯರೇ,

ಈ ಪತ್ರ ಕನ್ನಡದಲ್ಲಿದೆ. ನಿಮಗೆ ಓದಲು ಬರುವುದಿಲ್ಲ ಅಂತ ನನಗೆ ಗೊತ್ತು. ಇದರ ಇಂಗ್ಲಿಷ್ ಪ್ರತಿಯನ್ನು ನನ್ನ ಮಗಳು ಬೇರೆಯಾಗಿ ಕಳಿಸುತ್ತಾಳೆ. ಆದರೂ ಮೊದಲು ಕನ್ನಡದಲ್ಲೇ ಬರೆದೆ. ಇದು ಬಹಿರಂಗ ಪತ್ರ, ನಮ್ಮವರೂ ಓದಬೇಕು, ಅದೊಂದು. ಇನ್ನೊಂದು, ಅರ್ಥವಾಗದ ಅಕ್ಷರಗಳನ್ನು ಎರಡು ನಿಮಿಷ ಸುಮ್ನೆ ನೋಡುತ್ತಾ ಕೂತರೆ ಹೇಗಿರುತ್ತದೆ ಅಂತ ನಿಮಗೂ ಒಮ್ಮೆ ಗೊತ್ತಾಗಲಿ. ನಮ್ಮ ಮಕ್ಕಳು ನಿಮ್ಮ ವಿಡಿಯೋ ಮುಂದೆ ಹಾಗೇ ಕೂರುತ್ತಾರೆ.

ನಾನು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಎಂಟರಿಂದ ಹತ್ತನೇ ತರಗತಿ, ಕನ್ನಡ ಮಾಧ್ಯಮ. ಯಾರೋ ಪುಣ್ಯಾತ್ಮರು ಶಾಲೆಗೆ ಒಂದು ದೊಡ್ಡ ಟಿವಿ ಕೊಡಿಸಿದ್ದಾರೆ. ಪ್ರತಿ ಕ್ರಿಸ್‌ಮಸ್‌ಗೆ ನಿಮ್ಮ ವಿಜ್ಞಾನ ಸಂಸ್ಥೆಯಲ್ಲಿ ಮಕ್ಕಳ ಮುಂದೆ ಪ್ರಯೋಗ ಮಾಡುತ್ತಾ ಉಪನ್ಯಾಸ ಕೊಡುತ್ತೀರಲ್ಲ, ಬಿಬಿಸಿ ಟಿವಿಯಲ್ಲೂ ಬರುತ್ತದಲ್ಲ, ಕರೆಂಟ್ ಇದ್ದ ದಿನ ಆ ಹಳೆಯ ಉಪನ್ಯಾಸಗಳನ್ನು ಅದರಲ್ಲಿ ಹಾಕುತ್ತೇನೆ. ದನಿ ಪೂರ್ತಿ ಇಳಿಸಿ, ಪಕ್ಕದಲ್ಲಿ ನಿಂತು ನಾನೇ ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇನೆ. ಮೂಕಿ ಸಿನಿಮಾ ಕಾಲದಲ್ಲಿ ಪರದೆ ಪಕ್ಕ ನಿಂತು ಕಥೆ ಹೇಳುವವರು ಇದ್ದರಂತಲ್ಲ, ಹಾಗೆ.

ಮೊದಲು ಹಾಕಿದ್ದು 2016ರ ಸೈಫುಲ್ ಇಸ್ಲಾಂ ಅವರ ಉಪನ್ಯಾಸ. ಅವರು ಬ್ಯಾಟರಿಯ ವಸ್ತುಗಳ ಬಗ್ಗೆ ಕೆಲಸ ಮಾಡುವ ರಸಾಯನ ವಿಜ್ಞಾನಿ. ಸಾವಿರಕ್ಕೂ ಹೆಚ್ಚು ನಿಂಬೆಹಣ್ಣು ಜೋಡಿಸಿ ಸಾವಿರ ವೋಲ್ಟ್ ದಾಟಿಸಿ ತೋರಿಸಿದರು. ನಮ್ಮ ಹುಡುಗರಿಗೆ ಮೊದಲು ಬಂದ ಪ್ರಶ್ನೆ, ಅಷ್ಟು ನಿಂಬೆಹಣ್ಣಿಗೆ ಎಷ್ಟು ದುಡ್ಡಾಯಿತು ಅಂತ. ನಾವು ನಾಲ್ಕೇ ಹಣ್ಣು ತಂದೆವು. ಒಂದೊಂದಕ್ಕೂ ಒಂದು ತುಂಡು ತಾಮ್ರದ ತಂತಿ, ಒಂದು ಸತುವು ಲೇಪಿಸಿದ ಮೊಳೆ. ಪುಟ್ಟ ಕೆಂಪು ಎಲ್‌ಇಡಿ ಮಿಣಕ್ ಅಂತ ಹತ್ತಿತು. ಕಿಟಕಿ ಮುಚ್ಚಿ ಕತ್ತಲು ಮಾಡಿದ ಮೇಲೇ ಕಂಡಿದ್ದು, ಆದರೂ ಹತ್ತಿತು. (ಪ್ರಯೋಗ ಮುಗಿದ ಮೇಲೆ ಆ ಹಣ್ಣಿನಲ್ಲಿ ಪಾನಕ ಮಾಡಬಾರದು ಅಂತ ಮೂರು ಸಲ ಹೇಳಬೇಕಾಯಿತು. ಸತುವು ಕರಗಿರುತ್ತದೆ.)

ಒಂದು ದಿನ ನನ್ನ ಗಂಟಲು ಕಟ್ಟಿತ್ತು. ಸರಿ, ಯಂತ್ರವೇ ಮಾಡುವ ಕನ್ನಡ ಅಡಿಬರಹ ಇದೆಯಲ್ಲ, ಅದನ್ನೇ ಹಾಕೋಣ ಅಂದುಕೊಂಡೆ. ಪರದೆ ಮೇಲೆ ಬಂತು: 'ತಂತಿಯಲ್ಲಿ ಪ್ರಸ್ತುತ ಹರಿಯುತ್ತದೆ.' ಕರೆಂಟ್ ಅನ್ನುವ ಮಾತನ್ನು ಯಂತ್ರ 'ಈಗಿನ' ಅನ್ನುವ ಅರ್ಥದಲ್ಲಿ ಹಿಡಿದಿತ್ತು. ಸ್ವಲ್ಪ ಹೊತ್ತಿಗೆ, 'ಎಲೆಕ್ಟ್ರಾನ್ ಋಣಾತ್ಮಕ ಶುಲ್ಕ ಹೊಂದಿದೆ.' ಹಿಂದಿನ ಬೆಂಚಿನ ಹುಡುಗ ಎದ್ದು ಕೇಳಿದ, 'ಮಿಸ್, ಎಲೆಕ್ಟ್ರಾನು ಫೀಸು ಕಟ್ಟಬೇಕಾ?' ಇಡೀ ಕ್ಲಾಸ್ ನಕ್ಕಿತು. ನಾನೂ ನಕ್ಕೆ. ಆದರೆ ಆ ದಿನದ ಪಾಠ ಹೋಯಿತು. ನಮ್ಮ ಪಠ್ಯಪುಸ್ತಕದಲ್ಲಿ 'ವಿದ್ಯುದಾವೇಶ' ಅಂತಿದೆ, ಊರಲ್ಲಿ 'ಚಾರ್ಜು' ಅಂತಾರೆ. ಈ ಎರಡರಲ್ಲಿ ಯಾವುದು ಬಂದಿದ್ದರೂ ನಡೆಯುತ್ತಿತ್ತು. ಶುಲ್ಕ ನಡೆಯುವುದಿಲ್ಲ.

ಅಂದಿನಿಂದ ಯಂತ್ರವನ್ನು ನಂಬಿಲ್ಲ. ಹಿಂದಿನ ರಾತ್ರಿ ಮನೆಯಲ್ಲಿ ಕೂತು, ನಿಲ್ಲಿಸಿ ನಿಲ್ಲಿಸಿ ಕೇಳಿ, ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುತ್ತೇನೆ. ಒಂದು ಗಂಟೆಯ ಉಪನ್ಯಾಸಕ್ಕೆ ನಾಲ್ಕು ರಾತ್ರಿ. 2022ರ ಸ್ಯೂ ಬ್ಲ್ಯಾಕ್ ಅವರ ಮೂಳೆಗಳ ಉಪನ್ಯಾಸಕ್ಕೆ ಎರಡು ರಾತ್ರಿ ಜಾಸ್ತಿ ಬೇಕಾಯಿತು. ಅವರು ಸ್ಕಾಟ್ಲೆಂಡಿನವರು, ಅಲ್ಲಿನ ಇಂಗ್ಲಿಷ್ ಉಚ್ಚಾರಣೆಯೇ ಬೇರೆ. ತಪ್ಪು ಅವರದಲ್ಲ, ನನ್ನ ಕಿವಿಯದು.

ಇಷ್ಟು ಯಾಕೆ ಒದ್ದಾಡಬೇಕು ಅಂತ ಸಹೋದ್ಯೋಗಿಗಳು ಕೇಳುತ್ತಾರೆ. ಅವರಿಗೆ ನಾನು ಹೇಳುವುದು ನಿಮ್ಮದೇ ಮನೆಯ ಕಥೆ.

ಲಂಡನ್ನಿನಲ್ಲಿ ಒಬ್ಬ ಕಮ್ಮಾರನ ಮಗ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ. ರಟ್ಟು ಕಟ್ಟಲು ಬಂದ ಪುಸ್ತಕಗಳನ್ನೇ ಓದುತ್ತಿದ್ದ. ಅದರಲ್ಲಿ ಒಂದು ಜೇನ್ ಮಾರ್ಸೆಟ್ ಎಂಬಾಕೆ ಬರೆದ ರಸಾಯನ ವಿಜ್ಞಾನದ ಪುಸ್ತಕ. ಟೀಚರು ಮತ್ತು ಇಬ್ಬರು ಹುಡುಗಿಯರು ಮಾತಾಡಿಕೊಳ್ಳುವ ಹಾಗೆ ಬರೆದದ್ದು. ಆಕೆ ಅದನ್ನು ಬರೆದದ್ದಾದರೂ ಹೇಗೆ? ನಿಮ್ಮ ಸಭಾಂಗಣದಲ್ಲಿ ಕೂತು ರಸಾಯನ ವಿಜ್ಞಾನಿ ಹಂಫ್ರಿ ಡೇವಿಯ ಉಪನ್ಯಾಸ ಕೇಳಿ, ಪೂರ್ತಿ ಅರ್ಥವಾಗದೆ, ಮನೆಗೆ ಹೋಗಿ ಮಾತಾಡಿ ತಿಳಿದುಕೊಂಡು. ಆಮೇಲೆ 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಆ ಹುಡುಗನಿಗೆ ಡೇವಿಯ ಉಪನ್ಯಾಸಗಳ ಟಿಕೆಟ್ ಕೊಟ್ಟರು. ಹೋದ, ಕೇಳಿದ, ಎಲ್ಲವನ್ನೂ ಬರೆದುಕೊಂಡ. ಸುಮಾರು 300 ಪುಟ. ತಾನೇ ರಟ್ಟು ಕಟ್ಟಿ ಡೇವಿಗೆ ಕಳಿಸಿದ. 1813ರಲ್ಲಿ ನಿಮ್ಮಲ್ಲೇ ಸಹಾಯಕನಾಗಿ ಸೇರಿದ. ಮೈಕೆಲ್ ಫ್ಯಾರಡೆ.

ಈ ಕಥೆ ಹೇಳುವವರೆಲ್ಲ ಟಿಕೆಟ್ ಸಿಕ್ಕಿದ್ದನ್ನು ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಜೇನ್ ಮಾರ್ಸೆಟ್. ವೇದಿಕೆ ಮೇಲಿನ ಮಾತನ್ನು ಮನೆ ಮಾತಿಗೆ ಇಳಿಸಿದಾಕೆ. ಆಕೆ ಇಳಿಸದಿದ್ದರೆ ಆ ಟಿಕೆಟ್ ಹಿಡಿದುಕೊಂಡು ಹೋದ ಹುಡುಗನಿಗೆ ಅಲ್ಲಿ ಎಷ್ಟು ಅರ್ಥವಾಗುತ್ತಿತ್ತೋ!

ಫ್ಯಾರಡೆ ಮುಂದೆ 1827ರಿಂದ 1860ರವರೆಗೆ 19 ಸಲ ಕ್ರಿಸ್‌ಮಸ್ ಉಪನ್ಯಾಸ ಕೊಟ್ಟರು. ಮಾತಾಡುವುದನ್ನು ಪಾಠ ಹೇಳಿಸಿಕೊಂಡು ಕಲಿತರು. ವೇಗ ಜಾಸ್ತಿಯಾಗದಿರಲಿ ಅಂತ 'ನಿಧಾನ' ಎಂದು ಬರೆದ ಚೀಟಿಯನ್ನು ಎದುರಿಗೆ ಇಟ್ಟುಕೊಳ್ಳುತ್ತಿದ್ದರು. ನನ್ನ ಮೇಜಿನ ಮೇಲೂ ಒಂದು ಅಂಟಿಸಿದ್ದೇನೆ. ಯಾರಿಗಾದರೂ ಒಂದು ಗಂಟೆ ಸಾಕು, ಅದಕ್ಕಿಂತ ಹೆಚ್ಚು ಗಮನ ನಿಲ್ಲದು ಅಂತಲೂ ಅವರು ಗೆಳೆಯನಿಗೆ ಬರೆದಿದ್ದರು. ನಮ್ಮ ಪೀರಿಯಡ್ 40 ನಿಮಿಷ. ಅಷ್ಟರ ಮಟ್ಟಿಗೆ ನಾವೇ ಮುಂದು.

ಈಗ ಮೇಣದಬತ್ತಿಗೆ ಬರುತ್ತೇನೆ. ಫ್ಯಾರಡೆಯ ಕೊನೆಯ ಮಕ್ಕಳ ಉಪನ್ಯಾಸಗಳು 1860ರ ಕೊನೆಯಲ್ಲಿ ಶುರುವಾದವು. ಆರು ಉಪನ್ಯಾಸ, ಆರೂ ಒಂದು ಮೇಣದಬತ್ತಿಯ ಮೇಲೆ. ಅವನ್ನು ನಾನು ಪ್ರತಿ ವರ್ಷ ಮಾಡುತ್ತೇನೆ. ಇದಕ್ಕೆ ಟಿವಿ ಬೇಡ, ಕರೆಂಟೂ ಬೇಡ.

ಬತ್ತಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಉಫ್ ಅಂತ ಆರಿಸುವುದು. ಬಿಳಿ ಹೊಗೆ ಎದ್ದಾಗ ಬತ್ತಿಯಿಂದ ಎರಡು ಬೆರಳು ಮೇಲೆ, ಆ ಹೊಗೆಗೆ ಕಡ್ಡಿ ಹಿಡಿಯುವುದು. ಬೆಂಕಿ ಹೊಗೆಯಲ್ಲೇ ಇಳಿದು ಬಂದು ಬತ್ತಿಯನ್ನು ಹಿಡಿಯುತ್ತದೆ. ಉರಿಯುತ್ತಿರುವುದು ಬತ್ತಿಯೂ ಅಲ್ಲ, ಗಟ್ಟಿ ಮೇಣವೂ ಅಲ್ಲ, ಮೇಣದ ಆವಿ ಅಂತ ಇನ್ನು ಬಾಯಲ್ಲಿ ಹೇಳಬೇಕಾಗಿಲ್ಲ. ಆಮೇಲೆ ನೀರಿನದು. ಫ್ಯಾರಡೆ ಐಸು ಮತ್ತು ಉಪ್ಪು ತುಂಬಿದ ಪಾತ್ರೆಯನ್ನು ಜ್ವಾಲೆಯ ಮೇಲೆ ಹಿಡಿದು ತಳದಲ್ಲಿ ನೀರ ಹನಿ ತೋರಿಸಿದರು. ನಾವು ಸ್ಟೀಲ್ ಚೊಂಬು ಹಿಡಿಯುತ್ತೇವೆ. ಐಸು ಬಸ್‌ಸ್ಟ್ಯಾಂಡಿನ ಜ್ಯೂಸ್ ಅಂಗಡಿಯದು. ಅದು ಜ್ವಾಲೆಯಿಂದ ಬಂದ ನೀರು ಅಂತ ಮಕ್ಕಳು ಮೊದಲು ನಂಬುವುದಿಲ್ಲ, ಚೊಂಬೇ ಬೆವರಿದ್ದು ಅಂತಾರೆ. ಸರಿಯಾಗಿಯೇ ಅನುಮಾನ ಪಡುತ್ತಾರೆ. ಅದಕ್ಕೇ ಇನ್ನೊಂದು ಐಸು ಚೊಂಬನ್ನು ಜ್ವಾಲೆಯಿಲ್ಲದೆ ಪಕ್ಕದಲ್ಲಿ ಹಿಡಿದು, ಯಾವುದರಲ್ಲಿ ಬೇಗ, ಎಷ್ಟು ಬಂತು ಅಂತ ನೋಡುತ್ತೇವೆ.

ಮೂರನೆಯದು ಮಸಿ. ಜ್ವಾಲೆ ಹಳದಿಯಾಗಿ ಬೆಳಗುವುದು ಅದರೊಳಗೆ ಕಾದು ಕೆಂಡವಾದ ಇಂಗಾಲದ ಕಣಗಳಿಂದ. ತಣ್ಣನೆಯ ತಟ್ಟೆ ಅಡ್ಡ ಹಿಡಿದರೆ ಅವು ಉರಿದು ಮುಗಿಯುವ ಮೊದಲೇ ತಟ್ಟೆಗೆ ಅಂಟಿಕೊಳ್ಳುತ್ತವೆ. ಇದನ್ನು ಹೇಳುವಾಗ ನನ್ನ ಬಾಯಿಂದ 'ಕಾಡಿಗೆ ಹಿಡಿದ ಹಾಗೆ' ಅಂತ ಬಂತು. ಅಷ್ಟೇ, ಕ್ಲಾಸ್ ಎದ್ದು ಕೂತಿತು. ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ, ಅಂಟಿದ ಮಸಿಯನ್ನು ಕೆರೆದು, ತುಪ್ಪದಲ್ಲಿ ಕಲಸಿ ಮಗುವಿಗೆ ಹಚ್ಚುವುದನ್ನು ಇವರೆಲ್ಲ ಮನೆಯಲ್ಲಿ ನೋಡಿದವರೇ. ಒಬ್ಬಳು ಹುಡುಗಿ ಕೇಳಿದಳು: 'ಮಿಸ್, ಹಾಗಾದ್ರೆ ಅಜ್ಜಿ ಹಿಡಿಯೋ ಮಸಿ ಎಣ್ಣೇದಾ, ಬತ್ತೀದಾ?' ಎಂಥ ಪ್ರಶ್ನೆ ನೋಡಿ! ಅದಕ್ಕೆ ಒಂದು ಪೀರಿಯಡ್ ಪೂರ್ತಿ ಹೋಯಿತು.

ನಿಮ್ಮ ಉಪನ್ಯಾಸದಲ್ಲಿ ಕಾಡಿಗೆ ಇಲ್ಲ. ಇರಬೇಕಾಗಿಯೂ ಇಲ್ಲ. ಅದನ್ನು ಸೇರಿಸುವುದು ನಮ್ಮ ಕೆಲಸ. ಆದರೆ ಸೇರಿಸಬೇಕಾದರೆ ನೀವು ಏನು ಹೇಳಿದಿರಿ ಅಂತ ನಮಗೆ ಅಕ್ಷರದಲ್ಲಿ ಸಿಗಬೇಕು.

ಫ್ಯಾರಡೆಯ ಆ ಉಪನ್ಯಾಸ ಇವತ್ತಿಗೂ ಉಳಿದಿರುವುದು ಯಾಕೆ? ಕೇಳುತ್ತಾ ಕೂತು ಪೂರ್ತಿ ಬರೆದುಕೊಂಡವರು ಇದ್ದರು. ವಿಜ್ಞಾನಿ ವಿಲಿಯಂ ಕ್ರೂಕ್ಸ್ ಅದನ್ನು 1861ರಲ್ಲಿ ಅಚ್ಚು ಹಾಕಿಸಿದರು. ಅಲ್ಲಿಂದ ಅದು ಬೇರೆ ಭಾಷೆಗಳಿಗೆ ಹೋಯಿತು. ಜಪಾನೀ ಭಾಷೆಗೂ ಹೋಯಿತು. ಅಕಿರಾ ಯೋಶಿನೋ ಎಂಬ ಪ್ರಾಥಮಿಕ ಶಾಲೆಯ ಹುಡುಗನಿಗೆ ಅವನ ಟೀಚರ್ ಆ ಪುಸ್ತಕದ ಬಗ್ಗೆ ಹೇಳಿದರು. ಅವನು ಜಪಾನೀ ಭಾಷೆಯಲ್ಲಿ ಓದಿದ. 1985ರಲ್ಲಿ ಮಾರುಕಟ್ಟೆಗೆ ಒಗ್ಗುವಂಥ ಮೊದಲ ಲಿಥಿಯಂ ಅಯಾನ್ ಬ್ಯಾಟರಿ ಮಾಡಿದ. 2019ರಲ್ಲಿ ನೊಬೆಲ್ ಬಂದಾಗ, ನನಗೆ ರಸಾಯನ ವಿಜ್ಞಾನದ ರುಚಿ ಹತ್ತಿದ್ದು ಆ ಪುಸ್ತಕದಿಂದ ಅಂತ ಹೇಳಿಕೊಂಡರು. ನೀವು ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ಫೋನಿನಲ್ಲಿ ಓದುತ್ತಿದ್ದರೆ, ಅದರೊಳಗೆ ಇರುವುದು ಅದೇ ಬಗೆಯ ಬ್ಯಾಟರಿ.

ಇನ್ನೊಂದು ತಮಾಷೆ. ಮೊದಲ ದಿನದ ಉಪನ್ಯಾಸದಲ್ಲಿ ಫ್ಯಾರಡೆ ಮಕ್ಕಳಿಗೆ ಬಗೆಬಗೆಯ ಮೇಣ ತೋರಿಸಿದರು. ಅದರಲ್ಲಿ ದೂರದ ಜಪಾನಿನಿಂದ ಬಂದದ್ದೂ ಇತ್ತು. ಜಪಾನಿನಿಂದ ಮೇಣ ಬಂತು, ಲಂಡನ್ನಿನಿಂದ ಮಾತು ಹೋಯಿತು, ಜಪಾನಿನಿಂದ ಬ್ಯಾಟರಿ ಬಂತು. ಇದನ್ನು ಹೇಳಿದರೆ ನಮ್ಮ ಹೆಡ್‌ಮಾಸ್ಟರರೂ ಒಂದು ನಿಮಿಷ ಫೈಲ್ ಬದಿಗಿಟ್ಟು ಕೇಳುತ್ತಾರೆ.

ಬಿಬಿಸಿಯವರಿಗೂ ಎರಡು ಮಾತು ಹೇಳಬೇಕು.

ಪ್ಯಾಟ್ರಿಕ್ ಮೂರ್ ಅಂದರೆ ನನಗೆ ಪ್ರೀತಿ. 1957ರ ಏಪ್ರಿಲ್‌ನಲ್ಲಿ, ಸ್ಪುಟ್ನಿಕ್ ಹಾರುವುದಕ್ಕೂ ಮುಂಚೆ, ನಿಮ್ಮಲ್ಲಿ ಆಕಾಶದ ಕಾರ್ಯಕ್ರಮ ಶುರು ಮಾಡಿದರು. 2012ರಲ್ಲಿ ಸಾಯುವವರೆಗೆ ತಿಂಗಳು ತಿಂಗಳೂ ನಡೆಸಿದರು. 55 ವರ್ಷದಲ್ಲಿ ತಪ್ಪಿದ್ದು ಒಂದೇ ಕಂತು. ಕೆಟ್ಟ ಹೆಬ್ಬಾತಿನ ಮೊಟ್ಟೆ ತಿಂದು ಹೊಟ್ಟೆ ಹಾಳಾಗಿತ್ತಂತೆ. ಅವರಿಗೆ ಕಾಲೇಜು ಡಿಗ್ರಿ ಇರಲಿಲ್ಲ. ಒಂದೇ ಕಣ್ಣಿಗೆ ಕನ್ನಡಕ, ಮಾತಿನ ವೇಗವೋ ಬೆಂಗಳೂರು ಬಸ್ ಕಂಡಕ್ಟರನದು. ಆದರೆ ಇದೇ ಮನುಷ್ಯ 2007ರಲ್ಲಿ, ಹೆಂಗಸರು ಬಂದು ಬಿಬಿಸಿ ಹಾಳಾಯಿತು ಅಂತಲೂ ಹೇಳಿದರು. ಅವರು ಹೋದ ಮೇಲೆ ಆ ಕಾರ್ಯಕ್ರಮಕ್ಕೆ ಬಂದವರಲ್ಲಿ ಒಬ್ಬರು ಮ್ಯಾಗಿ ಅಡೆರಿನ್ ಪೊಕಾಕ್. ನೈಜೀರಿಯಾ ಮೂಲದ ಮನೆಯ ಹೆಣ್ಣುಮಗಳು. ಓದುವಾಗ ಅಕ್ಷರ ತೊಡರುವ ತೊಂದರೆ, 13 ಶಾಲೆ ಬದಲಾಯಿಸಿದವರು, ಹುಡುಗಿಯಾಗಿದ್ದಾಗಲೇ ಕೈಯಾರೆ ದೂರದರ್ಶಕ ಮಾಡಿಕೊಂಡವರು. ನಿಮ್ಮ ಕ್ರಿಸ್‌ಮಸ್ ಉಪನ್ಯಾಸಕ್ಕೆ 200 ವರ್ಷ ತುಂಬಿದ 2025ರಲ್ಲಿ ಮೇಜಿನ ಹಿಂದೆ ನಿಂತವರೂ ಅವರೇ. ನಮ್ಮ ಹುಡುಗಿಯರಿಗೆ ನಾನು ಇಬ್ಬರ ಕಥೆಯನ್ನೂ ಹೇಳುತ್ತೇನೆ, ಬೇಕಂತಲೇ ಒಂದರ ಹಿಂದೆ ಒಂದು. 1825ರಲ್ಲಿ ಶುರುವಾದದ್ದಕ್ಕೆ ಮೊದಲ ಹೆಣ್ಣು ಉಪನ್ಯಾಸಕಿ ಸೂಸನ್ ಗ್ರೀನ್‌ಫೀಲ್ಡ್ ಬಂದದ್ದು 1994ರಲ್ಲಿ ಅಂತಲೂ ಹೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ಎರಡನೆಯದು 2011ರದು. ಬಿಬಿಸಿಯ ವಿಜ್ಞಾನ ವರದಿಗಾರಿಕೆ ಹೇಗಿದೆ ನೋಡಿ ಅಂತ ಆಗ ನಿಮ್ಮ ಮೇಲ್ವಿಚಾರಣೆ ನೋಡುತ್ತಿದ್ದ ಬಿಬಿಸಿ ಟ್ರಸ್ಟಿನವರು ತಳಿವಿಜ್ಞಾನಿ ಸ್ಟೀವ್ ಜೋನ್ಸ್‌ಗೆ ಕೇಳಿದ್ದರು. ಹವಾಮಾನ ಬದಲಾವಣೆಯಂಥ, ವಿಜ್ಞಾನಿಗಳು ಬಹುಪಾಲು ಒಪ್ಪಿದ ವಿಷಯದಲ್ಲೂ, ಸಮತೋಲನ ಅಂತ ಎದುರು ಮಾತಾಡುವವರನ್ನು ಕರೆದು ಸಮ ಕುರ್ಚಿ ಹಾಕುತ್ತಿದ್ದೀರಿ ಅಂತ ಅವರು ಹೇಳಿದರು. ತನ್ನ ತಪ್ಪನ್ನು ಹೊರಗಿನವರಿಂದ ಬರೆಸಿ, ಅದನ್ನೇ ಪ್ರಕಟಿಸುವ ಆ ಪದ್ಧತಿ ನನಗೆ ಬಹಳ ಹಿಡಿಸಿತು. ಇಲ್ಲಿ ಗ್ರಹಣದ ದಿನ ಟಿವಿ ಹಾಕಿ ನೋಡಿ. ಒಂದು ಕುರ್ಚಿಯಲ್ಲಿ ಖಗೋಳ ವಿಜ್ಞಾನಿ, ಮೂರು ಕುರ್ಚಿಯಲ್ಲಿ ಜ್ಯೋತಿಷಿಗಳು. ಮಾರನೇ ದಿನ ಮಕ್ಕಳು ಬಂದು, 'ಮಿಸ್, ಗ್ರಹಣದಲ್ಲಿ ಊಟ ಮಾಡಿದರೆ ವಿಷವಾ?' ಅಂತ ಕೇಳುತ್ತಾರೆ. ಸಮ ಕುರ್ಚಿಯಾದರೂ ಹಾಕಿದ್ದರೆ ಸಾಕಿತ್ತು ಅನಿಸುತ್ತದೆ ನನಗೆ.

ನಿಮ್ಮ ವನ್ಯಜೀವಿ ಚಿತ್ರಗಳ ದನಿ ಡೇವಿಡ್ ಅಟೆನ್‌ಬರೋ ಅವರ ಬಗ್ಗೆ ಹೊಸದಾಗಿ ಹೇಳುವುದೇನಿಲ್ಲ. ಒಂದು ಸಂಗತಿ ಮಾತ್ರ. 'ವೈಲ್ಡ್ ಕರ್ನಾಟಕ' ಅಂತ ನಮ್ಮವರೇ ಮಾಡಿದ ಚಿತ್ರ 2020ರಲ್ಲಿ ಚಿತ್ರಮಂದಿರಕ್ಕೆ ಬಂತು. ಇಂಗ್ಲಿಷ್‌ನಲ್ಲಿ ಅಟೆನ್‌ಬರೋ ದನಿ, ಕನ್ನಡದಲ್ಲಿ ರಿಷಬ್ ಶೆಟ್ಟಿ ದನಿ. ಎರಡನ್ನೂ ಮಕ್ಕಳ ಜೊತೆ ಸ್ವಲ್ಪ ಸ್ವಲ್ಪ ನೋಡಿದೆ. ಇಂಗ್ಲಿಷ್ ದನಿಗೆ ಎಲ್ಲರೂ ಗುಡಿಯಲ್ಲಿ ಕೂತ ಹಾಗೆ ತೆಪ್ಪಗೆ ಕೂತರು. ಕನ್ನಡ ಹಾಕಿದ ಮೇಲೆ ಪರದೆಗೇ ಉತ್ತರ ಕೊಡಲು ಶುರು ಮಾಡಿದರು. 'ಅಲ್ಲಲ್ಲ, ಅದು ಹಂಗಲ್ಲ, ನಮ್ಮ ತೋಟದಲ್ಲಿ ನೋಡಿದೀನಿ' ಅಂತ ಒಬ್ಬ ಜಗಳಕ್ಕೇ ನಿಂತ. ನನಗೆ ಬೇಕಾಗಿರುವುದು ಈ ಜಗಳ. ಭಕ್ತಿಯಿಂದ ಕೂರುವ ಮಕ್ಕಳು ಪ್ರಶ್ನೆ ಕೇಳುವುದಿಲ್ಲ.

ನಿಮ್ಮಲ್ಲೇ ಹೇಳುವವರಿಲ್ಲವೇ ಅಂತ ನೀವು ಕೇಳಬಹುದು. ಇದ್ದಾರೆ, ಚೆನ್ನಾಗಿಯೇ ಇದ್ದಾರೆ. ಶಿವರಾಮ ಕಾರಂತರು ಮಕ್ಕಳಿಗಾಗಿ ಒಂಟಿಯಾಗಿ ವಿಶ್ವಕೋಶವನ್ನೇ ಬರೆದರು. ಬಿ.ಜಿ.ಎಲ್. ಸ್ವಾಮಿ ಗಿಡಮರಗಳ ಬಗ್ಗೆ ಬರೆದದ್ದನ್ನು ಓದಿ ಹೊಟ್ಟೆ ಹಿಡಿದು ನಕ್ಕಿದ್ದೇವೆ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಕಟ್ಟಿದ ಸೈನ್ಸ್ ಫೋರಂನಲ್ಲಿ ವಾರವಾರವೂ ಉಪನ್ಯಾಸ ನಡೆದಿದೆ. ಹಾಗಾಗಿ ಇದು ಬಡವರ ಅರ್ಜಿ ಅಂದುಕೊಳ್ಳಬೇಡಿ. ಬರೆಯುವವರು ನಮ್ಮಲ್ಲಿ ಇದ್ದಾರೆ. ನಮ್ಮ ಹತ್ತಿರ ಇಲ್ಲದಿರುವುದು ನಿಮ್ಮ ಆ ಮೇಜು. ಅದರ ಮೇಲೆ ಒಂದು ಗಂಟೆಯಲ್ಲಿ ಇಪ್ಪತ್ತು ಪ್ರಯೋಗ ಕೈಕೊಡದೆ ನಡೆಯುತ್ತವೆ. ಅದರ ಹಿಂದೆ ತಿಂಗಳುಗಟ್ಟಲೆ ದುಡಿಯುವ ಜನರಿದ್ದಾರೆ, ಎಲ್ಲವನ್ನೂ ಹತ್ತಿರದಿಂದ ತೋರಿಸುವ ಕ್ಯಾಮೆರಾ ಇದೆ. ಎರಡು ಶತಮಾನದ ಅಭ್ಯಾಸವನ್ನು ನಾವು ಒಂದು ಅನುದಾನದಲ್ಲಿ ಕೊಳ್ಳಲಾಗುವುದಿಲ್ಲ.

ನನ್ನ ಕೋರಿಕೆ ಇಷ್ಟು. ನಿಮ್ಮ ಪ್ರತಿ ಉಪನ್ಯಾಸದಲ್ಲಿ ಆಡಿದ ಮಾತನ್ನು, ಯಾವ ನಿಮಿಷಕ್ಕೆ ಯಾವ ಮಾತು ಅಂತ ಗುರುತು ಹಾಕಿ, ಬರಹದಲ್ಲಿ ಕೊಡಿ. ಅದನ್ನು ಕನ್ನಡದಲ್ಲಿ ಹೇಳಿ, ದನಿ ಸೇರಿಸಿ, ಶಾಲೆಗಳಲ್ಲಿ ತೋರಿಸಲು ಲಿಖಿತ ಅನುಮತಿ ಕೊಡಿ. ಕಳ್ಳತನದಿಂದ ಮಾಡುತ್ತಿದ್ದೇನೋ ಅನ್ನುವ ಅಳುಕು ಇಟ್ಟುಕೊಂಡು ಮಕ್ಕಳಿಗೆ ವಿಜ್ಞಾನ ಹೇಳಲು ನನಗೆ ಇಷ್ಟವಿಲ್ಲ. ಇದರ ಜೊತೆಗೆ ಪ್ರಯೋಗಗಳ ಹಿಂದೆ ಕೆಲಸ ಮಾಡುವವರು ಒಂದೊಂದಕ್ಕೂ ಅರ್ಧ ಪುಟ ಬರೆದುಕೊಟ್ಟರೆ ಇನ್ನೂ ಒಳ್ಳೆಯದು. ಏನೇನು ಬೇಕು, ಎಲ್ಲಿ ಕೆಡುತ್ತದೆ, ಏನು ಅಪಾಯ. ಕೆಡುವುದು ಎಲ್ಲಿ ಅನ್ನುವುದು ಬಹಳ ಮುಖ್ಯ. ಟಿವಿಯಲ್ಲಿ ಅದನ್ನು ಯಾರೂ ತೋರಿಸುವುದಿಲ್ಲ, ಅಲ್ವಾ?

ದುಡ್ಡು ಕೇಳುತ್ತಿಲ್ಲ. 2013ರಲ್ಲಿ ನಿಮ್ಮ ಕಟ್ಟಡವನ್ನೇ ಮಾರುವ ಮಾತು ಬಂದಿತ್ತು, ಸಾಲ ಅಷ್ಟಿತ್ತು ಅಂತ ಓದಿದ್ದೇನೆ. ಕೆಲಸ ನಾವೇ ಮಾಡಿಕೊಳ್ಳುತ್ತೇವೆ. ನಮ್ಮ ತಾಲ್ಲೂಕಿನಲ್ಲಿ ಆರು ಜನ ವಿಜ್ಞಾನ ಶಿಕ್ಷಕರು ಆಗಲೇ ಒಪ್ಪಿದ್ದಾರೆ. ಬ್ರಿಟನ್ನಿನಲ್ಲಿರುವ ಕನ್ನಡಿಗರೇ, ಈ ಪತ್ರ ನಿಮ್ಮ ಕಣ್ಣಿಗೂ ಬೀಳುತ್ತದೆ. ನಮ್ಮ ಕನ್ನಡವನ್ನು ನಿಮ್ಮ ಇಂಗ್ಲಿಷ್ ಜೊತೆ ತಾಳೆ ನೋಡಿಕೊಡಿ. ಸ್ಕಾಟ್ಲೆಂಡಿನಲ್ಲಿ ಇರುವವರಿದ್ದರೆ ಮೊದಲ ಆದ್ಯತೆ.

ಇತಿ,
ಒಬ್ಬ ವಿಜ್ಞಾನ ಶಿಕ್ಷಕಿ,
ತುಮಕೂರು ಜಿಲ್ಲೆ.

ವಿ.ಸೂ.: ಆ ಕಾಡಿಗೆ ಪ್ರಶ್ನೆ. ಬತ್ತಿ ತಾನು ಬಹಳ ಕಮ್ಮಿ ಉರಿಯುತ್ತದೆ, ಮಸಿಯ ಬಹುಪಾಲು ಎಣ್ಣೆಯದು ಅಂತ ನಾನು ಹೇಳಿದ್ದೇನೆ. ಅವಳು ಒಪ್ಪಿಲ್ಲ. ಹತ್ತಿಯ ಬತ್ತಿ ಬದಲು ಗಾಜಿನ ನೂಲಿನ ಬತ್ತಿ ಹಾಕಿ, ಆಗಲೂ ಅಷ್ಟೇ ಮಸಿ ಬಂದರೆ ಒಪ್ಪುತ್ತೇನೆ ಅಂತ ಹೇಳಿ ಕೂತಿದ್ದಾಳೆ. ಅಂಥ ಬತ್ತಿ ನಮ್ಮ ಪೇಟೆಯಲ್ಲಿ ಹುಡುಕಿದೆ, ಸಿಗಲಿಲ್ಲ. ನಿಮ್ಮ ಪ್ರಯೋಗಾಲಯದ ಮೂಲೆಯಲ್ಲಿ ಒಂದು ಗೇಣು ಬಿದ್ದಿದ್ದರೆ ಉತ್ತರದ ಜೊತೆ ಲಕೋಟೆಯಲ್ಲಿ ಹಾಕಿ ಕಳಿಸಿ.